ಶೇ 14ರಷ್ಟು ಹೆಚ್ಚು ಕಾಂಕ್ರೀಟು: ಬಿಐಎಂ ಕಲಿತ ಸಿವಿಲ್ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

ಸಿವಿಲ್ ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಅಂದರೆ ಬಿಐಎಂ (ಕಟ್ಟಡವನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿಯಾಗಿ ಎಬ್ಬಿಸುವ ವಿಧಾನ), ಕಲಿತ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ನಾನು ಬೆಂಗಳೂರಿನಲ್ಲಿ ಕುಳಿತು ಹೊರದೇಶದ ಕಟ್ಟಡಗಳ ಮಾದರಿಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸದವನು. ಆಕೆಯ ಇಂಟರ್ನ್‌ಶಿಪ್‌ಗೆ ಕಾಲೇಜಿನ ಹೊರಗಿನ ಮಾರ್ಗದರ್ಶಕನಾಗಿದ್ದೆ. ಹೊಸಬರು ಸಾಮಾನ್ಯವಾಗಿ ತಂತ್ರಾಂಶದ ಗುಂಡಿಗಳ ನಡುವೆ ದಾರಿ ತಪ್ಪುತ್ತಾರೆ. ಈಕೆಗೆ ಆ ತೊಂದರೆ ಇರಲಿಲ್ಲ. ತಂತ್ರಾಂಶ ತಾನಾಗಿ ಬಾಯಿ ಬಿಟ್ಟು ಹೇಳಿದ ತಪ್ಪುಗಳನ್ನೆಲ್ಲ ಬೇಗ ತಿದ್ದಿಕೊಂಡಳು. ಅದು ಏನೂ ಹೇಳದೆ ಸುಮ್ಮನಿದ್ದ ಕಡೆಗಳಲ್ಲಿ ನಡೆದದ್ದು ಬರೆದಿಡುವಂತಹದ್ದು ಎನ್ನಿಸಿತು.

ಹಿನ್ನೆಲೆ

ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ ಸೇರಿ, ಡಿಪ್ಲೊಮಾ ಮುಗಿಸಿ, ನೇರವಾಗಿ ಬಿಇ ಎರಡನೇ ವರ್ಷಕ್ಕೆ ಬಂದವಳು ಈಕೆ. ಪಿಯುಸಿ ಮಾಡಿ ಬಂದವರು ಗಣಿತದಲ್ಲಿ ಮುಂದಿದ್ದರೆ ಡಿಪ್ಲೊಮಾದವರ ಕೈ ನಕ್ಷೆಯಲ್ಲಿ ಪಳಗಿರುತ್ತದೆ. 30×40 ನಿವೇಶನದ ಮನೆಗೆ ಪ್ಲಾನು, ಎಲಿವೇಷನ್ (ಹೊರನೋಟ), ಸೆಕ್ಷನ್ (ಸೀಳಿದ ನೋಟ) ಮೂರನ್ನೂ ನಕ್ಷೆ ಎಳೆಯುವ ತಂತ್ರಾಂಶವಾದ ಆಟೊಕ್ಯಾಡ್‌ನಲ್ಲಿ ಒಂದೇ ಸಂಜೆಗೆ ಎಳೆದು ಮುಗಿಸುತ್ತಿದ್ದಳು. ತುಮಕೂರಿನ ಗುತ್ತಿಗೆದಾರರೊಬ್ಬರ ಕಚೇರಿಯ ಕಂಪ್ಯೂಟರಿನಲ್ಲಿ ಕುಳಿತು ಪಾಲಿಕೆಗೆ ಸಲ್ಲಿಸುವ ನಕ್ಷೆಗಳನ್ನು ಮಾಡಿಕೊಟ್ಟು ಕೈಖರ್ಚಿನ ಹಣ ದುಡಿಯುತ್ತಲೂ ಇದ್ದಳು.

ಬೆಂಗಳೂರಿನ ಕೆಲಸದ ಜಾಹೀರಾತುಗಳಲ್ಲಿ ಬಿಐಎಂ ತಂತ್ರಾಂಶವಾದ ರೆವಿಟ್ ಬರುತ್ತದೆಯೇ ಎಂಬ ಪ್ರಶ್ನೆ ಮತ್ತೆ ಮತ್ತೆ ಕಂಡಾಗ ಆಕೆ ವಾರಾಂತ್ಯದ ತರಬೇತಿ ಕೇಂದ್ರವೊಂದಕ್ಕೆ ಸೇರಿದಳು. ಕೇಂದ್ರದ ಹೆಸರು ಬೇಡ. ಉಳಿದವೂ ಅದಕ್ಕಿಂತ ತೀರಾ ಬೇರೆಯೇನಲ್ಲ. ಈಜುಕೊಳವಿರುವ ಒಂದು ಬಂಗಲೆಯ ಪಿಡಿಎಫ್ ಕೊಡುತ್ತಾರೆ. ತರಗತಿಯ ಅಷ್ಟೂ ಜನ ಅದೇ ಬಂಗಲೆಯನ್ನು ಎಬ್ಬಿಸುತ್ತಾರೆ. ಕೊನೆಗೆ ಹುಲ್ಲುಹಾಸು, ಒಂದು ಕಾರು, ಸಂಜೆಯ ಬೆಳಕು ಸೇರಿಸಿ ಚಿತ್ರ ತೆಗೆದರೆ ಪ್ರಮಾಣಪತ್ರ ಸಿಗುತ್ತದೆ. ಆ ಬಂಗಲೆಯಲ್ಲಿ ಕೊಳಾಯಿ ಇಲ್ಲ, ಕಂಬಿ ಇಲ್ಲ, ಪಾಯ ಎಷ್ಟು ಆಳಕ್ಕೆ ಇಳಿದಿದೆ ಎಂದು ಕೇಳುವವರೂ ಇಲ್ಲ. ಕೆಲಸದ ನಡುವೆ ಎಚ್ಚರಿಕೆಯ ಚೌಕ ಬಂದರೆ ‘ಓಕೆ’ ಒತ್ತಿ ಮುಂದೆ ಹೋಗಿ ಎಂದು ಕಲಿಸಿದ್ದರಂತೆ. ಈ ಪಾಠವನ್ನು ಆಕೆಯ ತಲೆಯಿಂದ ತೆಗೆಯಲು ಸ್ವಲ್ಪ ಸಮಯ ಹಿಡಿಯಿತು.

ಯಂತ್ರದ ಕಷ್ಟಗಳನ್ನು ಹೆಚ್ಚು ಹೇಳಬೇಕಾಗಿಲ್ಲ. ವಿದ್ಯಾರ್ಥಿಗಳಿಗೆ ಆಟೊಡೆಸ್ಕ್ ಕಂಪನಿ ರೆವಿಟ್ ಅನ್ನು ಉಚಿತವಾಗಿ ಕೊಡುತ್ತದೆ, ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು, ಹಣ ಪಡೆದು ಮಾಡುವ ಕೆಲಸಕ್ಕೆ ಬಳಸುವಂತಿಲ್ಲ. ಆಕೆಯ ಲ್ಯಾಪ್‌ಟಾಪಿನಲ್ಲಿ ಹೊಸ ಆವೃತ್ತಿ, ಕಾಲೇಜಿನ ಪ್ರಯೋಗಾಲಯದಲ್ಲಿ ಹಳೆಯದು. ಹೊಸದರಲ್ಲಿ ಉಳಿಸಿದ ಕಡತ ಹಳೆಯದರಲ್ಲಿ ತೆರೆಯುವುದೇ ಇಲ್ಲ. ಹಿಂದಿನ ಆವೃತ್ತಿಗೆ ಇಳಿಸಿ ಉಳಿಸುವ ದಾರಿಯನ್ನು ಕಂಪನಿ ಇಟ್ಟಿಲ್ಲ. ಮಾದರಿಯ ಅರ್ಧ ಕೆಲಸವನ್ನು ಕಾಲೇಜಿನಲ್ಲಿ, ಇನ್ನರ್ಧವನ್ನು ಮನೆಯಲ್ಲಿ ಮಾಡುವ ಯೋಜನೆ ಮೊದಲ ವಾರದಲ್ಲೇ ಕೈಬಿಟ್ಟುಹೋಯಿತು.

ಬಂಗಲೆಯನ್ನು ಮರೆತು ನಿಜವಾಗಿ ಕಟ್ಟುತ್ತಿರುವ ಒಂದು ಮನೆಯನ್ನು ತೆಗೆದುಕೋ ಎಂದೆ. ಅದೇ ಗುತ್ತಿಗೆದಾರರು ತುಮಕೂರಿನ ಹೊರವಲಯದಲ್ಲಿ ನೆಲಮಹಡಿ ಮತ್ತು ಮೇಲೆರಡು ಮಹಡಿಗಳ ಮನೆಯೊಂದಕ್ಕೆ ಆಗಷ್ಟೇ ಪಾಯ ಮುಗಿಸಿದ್ದರು. ಮನೆ ತನ್ನ ಪಾಡಿಗೆ ಏಳುತ್ತಿರಲಿ, ಮಾದರಿ ಅದರ ಪಕ್ಕದಲ್ಲಿ ಅಭ್ಯಾಸಕ್ಕಾಗಿ ಏಳಲಿ ಎಂಬುದು ಒಪ್ಪಂದ.

ಮೂವತ್ತು ಮಿಲಿಮೀಟರ್ ಎಲ್ಲಿ ಹೋಯಿತು

ಗೆರೆಗಳ ಬದಲು ಗೋಡೆ, ಕಿಟಕಿ, ಬೀಮ್‌ಗಳನ್ನೇ ಕಂಪ್ಯೂಟರಿನಲ್ಲಿ ದಾಖಲಿಸಿ, ಅವುಗಳಿಂದ ಬೇಕಾದ ನಕ್ಷೆ ತೆಗೆಯುವ ಕಲ್ಪನೆ ಹೊಸದಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಚಾರ್ಲ್ಸ್ ಈಸ್ಟ್‌ಮನ್ 1970ರ ದಶಕದ ಮಧ್ಯದಲ್ಲೇ ಇಂಥದ್ದೊಂದು ವ್ಯವಸ್ಥೆಯನ್ನು ವಿವರಿಸಿದ್ದರು. ರೆವಿಟ್ ಮಾರುಕಟ್ಟೆಗೆ ಬಂದದ್ದು 2000ದಲ್ಲಿ. 2002ರಲ್ಲಿ ಆಟೊಡೆಸ್ಕ್ ಅದನ್ನು ಕೊಂಡಿತು. ಇದರಲ್ಲಿ ಪ್ಲಾನು, ಸೆಕ್ಷನ್, ಸಾಮಗ್ರಿಯ ಪಟ್ಟಿ ಎಲ್ಲವೂ ಒಂದೇ ಮಾದರಿಯನ್ನು ಬೇರೆ ಬೇರೆ ಕಡೆಯಿಂದ ನೋಡಿದ ನೋಟಗಳು. ಪ್ಲಾನಿನಲ್ಲಿ ಕಿಟಕಿ ಸರಿಸಿದರೆ ಎಲಿವೇಷನ್ನಿನಲ್ಲೂ ಸರಿಯುತ್ತದೆ, ಪಟ್ಟಿಯಲ್ಲೂ ಬದಲಾಗುತ್ತದೆ.

ಆಟೊಕ್ಯಾಡ್‌ನ ಕೈಚಳಕ ಆಕೆಗೆ ಮೊದಲು ಅಡ್ಡ ಬಂದದ್ದು ಇಲ್ಲಿಯೇ. ಒಂದು ಮಲಗುವ ಕೋಣೆಯ ಅಗಲ ಪಾಲಿಕೆಯ ನಕ್ಷೆಯಲ್ಲಿ 3050 ಮಿ.ಮೀ. ಎಂದಿತ್ತು. ಮಾದರಿಯಲ್ಲಿ ಅಳತೆ ಹಾಕಿದರೆ 3020 ಬರುತ್ತಿತ್ತು. ಆಟೊಕ್ಯಾಡ್‌ನಲ್ಲಿ ಹೀಗಾದರೆ ಅಳತೆಯ ಮೇಲೆ ಎರಡು ಸಲ ಒತ್ತಿ 3050 ಎಂದು ಬರೆದುಬಿಡುತ್ತಾರೆ. ಗೆರೆ ಒಂದು ಹೇಳುತ್ತದೆ, ಅಂಕಿ ಇನ್ನೊಂದು ಹೇಳುತ್ತದೆ. ನಮ್ಮ ಊರುಗಳ ಎಷ್ಟೋ ನಕ್ಷೆಗಳು ಹೀಗೆಯೇ ಬದುಕಿವೆ. ಆಕೆಯೂ ಅದನ್ನೇ ಮಾಡಲು ಹೋದಳು. ರೆವಿಟ್ ಒಪ್ಪಲಿಲ್ಲ. ಅಳತೆಯ ಜಾಗದಲ್ಲಿ ವಿವರಣೆಯ ಮಾತು ಬರೆಯಬಹುದು, ಅಂಕಿ ಬರೆಯುವಂತಿಲ್ಲ ಎಂದು ಚೌಕ ತೆರೆಯಿತು. ಈ ಸಲ ‘ಓಕೆ’ ಒತ್ತಿದರೂ 3020 ಕದಲಲಿಲ್ಲ.

“ಸರ್, ಇದು ಹಟ ಮಾಡುತ್ತಿದೆ” ಎಂದು ಫೋನ್ ಮಾಡಿದಳು. ಮೂವತ್ತು ಮಿಲಿಮೀಟರ್ ಎಲ್ಲಿ ಹೋಯಿತು, ಮೊದಲು ಅದನ್ನು ಹುಡುಕು ಎಂದೆ. ಗೋಡೆಯ ವಿನ್ಯಾಸವನ್ನು ಬಿಡಿಸಿ ನೋಡಿದಾಗ ಉತ್ತರ ಸಿಕ್ಕಿತು. ಕೋಣೆಯ ಎರಡೂ ಬದಿಯ ಗೋಡೆಗಳಿಗೆ ಒಳಗಡೆ 15 ಮಿ.ಮೀ. ಗಾರೆಯ ಪದರವನ್ನು ಆಕೆಯೇ ಕೊಟ್ಟಿದ್ದಳು. 3050 ಎಂಬುದು ಇಟ್ಟಿಗೆಯಿಂದ ಇಟ್ಟಿಗೆಗೆ, 3020 ಎಂಬುದು ಗಾರೆಯಿಂದ ಗಾರೆಗೆ. ಎರಡೂ ಸರಿಯೇ. ಗೋಡೆ ಕಟ್ಟುವವರಿಗೆ ಮೊದಲನೆಯದು ಬೇಕು, ಬೀರು ಮಾಡುವ ಬಡಗಿಗೆ ಎರಡನೆಯದು. ಯಾರಿಗಾಗಿ ಅಳೆಯುತ್ತಿದ್ದೇನೆ ಎಂಬ ಪ್ರಶ್ನೆ ಆಕೆಯ ಮುಂದೆ ಬಂದದ್ದು ಅದೇ ಮೊದಲು. ಅದನ್ನು ತಂದು ನಿಲ್ಲಿಸಿದ್ದು ತಂತ್ರಾಂಶದ ಹಟ.

ಆದರೆ ತಂತ್ರಾಂಶ ಎಲ್ಲ ಕಡೆಯೂ ಹೀಗೆ ಹಟ ಮಾಡುವುದಿಲ್ಲ. ಅದೇ ವಾರ ಆಕೆ ಕಳಿಸಿದ ಹಾಳೆಗಳಲ್ಲಿ ಒಂದು ಸೆಕ್ಷನ್ನಿನಲ್ಲಿ ಕಿಟಕಿಯ ಮೇಲೆ ಸಜ್ಜಾ ಇತ್ತು; ಎಲಿವೇಷನ್ನಿನಲ್ಲಿ ಅದೇ ಕಿಟಕಿ ಬೋಳಾಗಿತ್ತು. ಸಜ್ಜಾ ಬಿಟ್ಟುಹೋಗಿದೆ ಎಂದು ಕೊನೆಗಳಿಗೆಯಲ್ಲಿ ಗೊತ್ತಾದಾಗ ಆಕೆ ಹಳೆಯ ಅಭ್ಯಾಸದಂತೆ ಆ ಒಂದು ಹಾಳೆಯ ಮೇಲೆ ನಾಲ್ಕು ಗೆರೆ ಎಳೆದು, ಒಳಗೆ ಕಾಂಕ್ರೀಟಿನ ಚುಕ್ಕೆ ತುಂಬಿದ್ದಳು. ನೋಡಲು ತೊಂದರೆಯೇನೂ ಇಲ್ಲ. ಮಾದರಿಯಲ್ಲಿ ಮಾತ್ರ ಸಜ್ಜಾ ಹುಟ್ಟಿಯೇ ಇರಲಿಲ್ಲ. ಅದರ ಕಾಂಕ್ರೀಟು ಪಟ್ಟಿಗೆ ಸೇರಲಿಲ್ಲ, ಪಕ್ಕದ ಸೆಕ್ಷನ್ನಿಗೆ ಅದರ ಸುದ್ದಿ ಹೋಗಲಿಲ್ಲ. ಹೀಗೆ ಹಾಳೆಗೆ ತೇಪೆ ಹಾಕುವವರನ್ನು ರೆವಿಟ್ ತಡೆಯುವುದಿಲ್ಲ, ಎಚ್ಚರಿಸುವುದೂ ಇಲ್ಲ. ಹತ್ತು ವರ್ಷ ಅನುಭವವಿರುವವರ ಕಡತಗಳಲ್ಲೂ ಇಂಥ ತೇಪೆಗಳನ್ನು ನಾನು ಕಂಡಿದ್ದೇನೆ, ಆದ್ದರಿಂದ ಬಯ್ಯಲು ಹೋಗಲಿಲ್ಲ. ಎಲಿವೇಷನ್ ಮತ್ತು ಸೆಕ್ಷನ್ ಎರಡನ್ನೂ ಅಕ್ಕಪಕ್ಕ ಇಟ್ಟು ವಾಪಸು ಕಳಿಸಿದೆ.

ಇನ್ನೂರು ಕೆಂಪು ಗುರುತು

ಮುಂದಿನ ಹಂತ ಕೊಳಾಯಿ. ಪ್ಲಂಬರ್ ಬಾಯಲ್ಲಿ ಹೇಳಿ, ಸಿಮೆಂಟು ಚೀಲದ ಹಿಂಬದಿಯಲ್ಲಿ ಗೀಚಿ ಕೊಟ್ಟಿದ್ದನ್ನು ಆಕೆ ಪೈಪುಗಳಾಗಿ ಮಾಡಿ, ಕಂಬ, ಬೀಮ್, ಸ್ಲ್ಯಾಬ್‌ಗಳ ಮಾದರಿಯೊಡನೆ ನ್ಯಾವಿಸ್‌ವರ್ಕ್ಸ್ ತಂತ್ರಾಂಶಕ್ಕೆ ಹಾಕಿದಳು. ಎರಡು ವಸ್ತುಗಳು ಒಂದೇ ಜಾಗವನ್ನು ಹಿಡಿದಿದ್ದರೆ ಅದು ಕೆಂಪು ಗುರುತು ಹಾಕಿ ತೋರಿಸುತ್ತದೆ. ಇದಕ್ಕೆ ಕ್ಲ್ಯಾಶ್ ಎನ್ನುತ್ತಾರೆ. ಒಂದು ಸಣ್ಣ ಮನೆಗೆ ಇನ್ನೂರಕ್ಕೂ ಹೆಚ್ಚು ಕ್ಲ್ಯಾಶ್ ಬಂದವು. ಆಕೆ ಅವಷ್ಟನ್ನೂ ಚಿತ್ರಸಹಿತ ವರದಿ ಮಾಡಿ, ಪುಟಗಟ್ಟಲೆ ಕಳಿಸಿ, ಶಹಬ್ಬಾಸ್‌ಗಿರಿಗೆ ಕಾದಳು.

ಈ ವರದಿಗಳು ನಮ್ಮ ವೃತ್ತಿಯ ಒಂದು ಪಿಡುಗು. ಎಣಿಕೆ ದೊಡ್ಡದಾದಷ್ಟೂ ಕೆಲಸ ಆಗಿದೆ ಎಂದು ತೋರುತ್ತದೆ. ತೆರೆದು ನೋಡಿದರೆ ಬಹುಪಾಲು ಇಟ್ಟಿಗೆ ಗೋಡೆಯೊಳಗೆ ಹಾದುಹೋದ ನೀರಿನ ಪೈಪುಗಳು. ಅವು ಗೋಡೆಯೊಳಗೇ ಹೋಗಬೇಕಾದವು. ಗೋಡೆಯನ್ನು ಉದ್ದಕ್ಕೆ ಕೊರೆದು ಪೈಪು ಕೂರಿಸಿ ಗಾರೆ ಮುಚ್ಚುವುದು ಎಲ್ಲ ಮನೆಗಳಲ್ಲೂ ನಡೆಯುವ ಕೆಲಸ. ಸ್ಲ್ಯಾಬಿನ ಮೂಲಕ ನೇರವಾಗಿ ಇಳಿಯುವ ಪೈಪು ಪ್ರತಿ ಮಹಡಿಯಲ್ಲೂ ಒಂದೊಂದು ಕ್ಲ್ಯಾಶ್ ಎಂದು ಎಣಿಕೆಯಾಗಿತ್ತು. ಇವನ್ನೆಲ್ಲ ಬದಿಗಿಡು, ಮೋಲ್ಡ್ ಹಾಕಿದ ಮೇಲೆ ಸರಿಪಡಿಸಲಾಗದ್ದು ಯಾವುದು ಎಂದು ಮಾತ್ರ ಹೇಳು ಎಂದೆ.

ಜರಡಿ ಹಿಡಿದಾಗ ಉಳಿದದ್ದು ಒಂದೇ ಸಮಸ್ಯೆ. ಮೊದಲ ಮಹಡಿಯ ಶೌಚಾಲಯದ ಸ್ಲ್ಯಾಬನ್ನು ಅಕ್ಕಪಕ್ಕದ ನೆಲಕ್ಕಿಂತ 300 ಮಿ.ಮೀ. ತಗ್ಗಿಸಿದ್ದರು, ಸಂಕನ್ ಸ್ಲ್ಯಾಬ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಆ ತಗ್ಗಿನೊಳಗೆ ಮಲಗಿ ಬರುವ 110 ಮಿ.ಮೀ.ನ ಪೈಪು ಮನೆಯ ಹೊರಗೆ ಹೋಗಬೇಕು. ಹೊರ ಅಂಚಿನಲ್ಲಿ 450 ಮಿ.ಮೀ. ಆಳದ ಬೀಮ್ ಇದೆ, ಅದರ ನೆತ್ತಿ ಮಾಮೂಲಿ ನೆಲದ ಮಟ್ಟದಲ್ಲಿದೆ. ಪೈಪು ಹೊರಡುವುದು ನೆಲದಿಂದ ಸುಮಾರು 200 ಮಿ.ಮೀ. ಕೆಳಗೆ, ಅಂದರೆ ಬೀಮ್‌ನ ಹೊಟ್ಟೆಯ ನಡುಭಾಗಕ್ಕೇ ಗುರಿ. ಕಾಗದದ ನಕ್ಷೆಗಳಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಪ್ಲಂಬರ್‌ನ ಹಾಳೆಯಲ್ಲಿ ಬೀಮ್ ಇರುವುದಿಲ್ಲ, ಬೀಮ್‌ನ ಹಾಳೆಯಲ್ಲಿ ಪೈಪು ಇರುವುದಿಲ್ಲ. ಕಾಂಕ್ರೀಟು ಗಟ್ಟಿಯಾದ ಮೇಲೆ ಪ್ಲಂಬರ್ ಬಂದು ಕೊರೆಯುತ್ತಾನೆ. ಬೀಮ್‌ನ ಕಂಬಿಗಳನ್ನು ಸುತ್ತಿ ಹಿಡಿದ ರಿಂಗು ಅಡ್ಡ ಸಿಕ್ಕರೆ ಅದನ್ನೂ ಕತ್ತರಿಸುತ್ತಾನೆ. ನಮ್ಮಲ್ಲಿ ಹಿಂಬದಿ ಗೋಡೆಯ ಪೈಪಿನ ಸುತ್ತ ಒಡೆದ ಕಾಂಕ್ರೀಟಿಗೆ ಸಿಮೆಂಟು ಮೆತ್ತಿರುವ ಮನೆಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ.

ಆಕೆ ಎರಡು ದಾರಿ ಯೋಚಿಸಿದಳು. ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟುವಾಗಲೇ ಬೀಮ್‌ನೊಳಗೆ ಪೈಪಿನ ತುಂಡು ಇಟ್ಟು ದಾರಿ ಬಿಡುವುದು ಒಂದು. ಆ ಬೀಮನ್ನೇ ಸ್ಲ್ಯಾಬಿನ ಜೊತೆ 300 ಮಿ.ಮೀ. ಕೆಳಗಿಳಿಸಿ, ಪೈಪನ್ನು ಅದರ ಮೇಲಿನ ಇಟ್ಟಿಗೆಯಲ್ಲಿ ಹಾಯಿಸುವುದು ಇನ್ನೊಂದು. ಎರಡನೆಯದರಲ್ಲಿ ಬೀಮ್‌ಗೆ ತೂತಿಲ್ಲ, ಆದರೆ ಕೆಳಗಿನ ಮಹಡಿಯಲ್ಲಿ ಅದು ತಲೆಯ ಮೇಲೆ ಬರುತ್ತದೆ. ಮಹಡಿಯಿಂದ ಮಹಡಿಗೆ 3000 ಮಿ.ಮೀ. ಇಳಿಸಿದ ಬೀಮ್‌ನ ತಳ ಮೇಲಿನ ನೆಲದಿಂದ 750 ಕೆಳಗೆ, ಅಂದರೆ ಕೆಳಗಿನ ನೆಲದಿಂದ 2250 ಎತ್ತರದಲ್ಲಿ. ನೆಲಮಹಡಿಯ ಶೌಚಾಲಯದ ಗಾಳಿಕಿಂಡಿಯ ಮೇಲಂಚು 2100ರಲ್ಲಿ. ನಡುವೆ ಉಳಿಯುವುದು 150. ಕಿಂಡಿಯ ಮೇಲೆ ಕೂರುವ ಲಿಂಟೆಲ್‌ನ ದಪ್ಪವೂ 150. ಇಷ್ಟು ಸಲೀಸಾಗಿ ಹೊಂದುವುದು ಅಪರೂಪ. ವಿನ್ಯಾಸ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಗುತ್ತಿಗೆದಾರರ ಮೂಲಕ ಕೇಳಿಸಿದೆವು, ಅವರು ಬೀಮ್ ಇಳಿಸಲು ಒಪ್ಪಿ ಕಂಬಿಯ ವಿವರ ತಿದ್ದಿಕೊಟ್ಟರು. ಇನ್ನೂರು ಕ್ಲ್ಯಾಶ್‌ಗಳ ವರದಿ ಯಾರಿಗೂ ಬೇಕಾಗಲಿಲ್ಲ. ಈ ಒಂದು ಸಾಲಿನ ತಿದ್ದುಪಡಿ ನಿಜವಾದ ಮನೆಗೆ ಹೋಯಿತು.

ಇದೇ ಸಂದರ್ಭದಲ್ಲಿ ಆಕೆಯನ್ನು ಕಂಬಿ ಕಟ್ಟುವ ಮೇಸ್ತ್ರಿ ಕೇಳಿದ ಪ್ರಶ್ನೆಯೊಂದನ್ನು ಹೇಳಲೇಬೇಕು. ಒಂದು ಕಂಬದ ಮೇಲೆ ಎರಡು ಕಡೆಯಿಂದ ಬೀಮ್‌ಗಳು ಬಂದು ಸೇರುತ್ತಿದ್ದವು, ಎರಡರ ಆಳವೂ 450. “ಮೇಡಂ, ಎರಡರ ಮೇಲಿನ ಕಂಬಿಯೂ ಒಂದೇ ಮಟ್ಟದಲ್ಲಿ ತೋರಿಸಿದ್ದೀರಿ. ಯಾವುದನ್ನು ಮೇಲೆ ಬಿಡಲಿ, ಯಾವುದನ್ನು ಕೆಳಗೆ ಹಾಕಲಿ?” ಆಕೆಯ ಮಾದರಿಯಲ್ಲಿ 16 ಮಿ.ಮೀ. ಕಂಬಿಗಳು ಒಂದರೊಳಗೊಂದು ತೂರಿಕೊಂಡು ನೆಮ್ಮದಿಯಾಗಿದ್ದವು. ಪೈಪಿಗೂ ಬೀಮ್‌ಗೂ ಆಕೆ ಪರೀಕ್ಷೆ ಇಟ್ಟಿದ್ದಳು, ಕಂಬಿಗೂ ಕಂಬಿಗೂ ಇಟ್ಟಿರಲಿಲ್ಲ. ಒಂದು ಕಂಬಿ ಕೆಳಗಿಳಿಯಲೇಬೇಕು; ಇಳಿದರೆ ಆ ಬೀಮ್‌ನ ಲೆಕ್ಕದಲ್ಲಿ ಹಿಡಿಯುವ ಆಳ ಕನಿಷ್ಠ 16 ಮಿ.ಮೀ. ಕಡಿಮೆಯಾಗುತ್ತದೆ. ಹೆಚ್ಚು ಭಾರ ಹೊರುವ, ಉದ್ದದ ಬೀಮ್‌ನ ಕಂಬಿ ಮೇಲಿರಬೇಕು ಎಂದು ಆಕೆ ಅಂದೇ ಸಂಜೆ ಲೆಕ್ಕ ಹಾಕಿ ತಿಳಿಸಿದಳು. ಮೇಸ್ತ್ರಿ ಆಗಲೇ ಹಾಗೆಯೇ ಕಟ್ಟಿದ್ದರು.

19.85 ಮತ್ತು 17.43

ನೆಲಮಹಡಿಯ ಮೇಲಿನ ಮೋಲ್ಡ್ ಹತ್ತಿರವಾಯಿತು. ರೆಡಿಮಿಕ್ಸ್ ಕಾಂಕ್ರೀಟು ಎಷ್ಟು ಬೇಕೆಂದು ಹೇಳುವುದು ಬಿಐಎಂ ಮಾದರಿಯ ಅತಿ ಸರಳ ಉಪಯೋಗ. ಪಟ್ಟಿ ತೆರೆದರೆ ಅಂಕಿ ಸಿದ್ಧ. ಆಕೆ ತೆರೆದಳು: ಸ್ಲ್ಯಾಬಿಗೆ 12.60 ಘನ ಮೀಟರ್, ಬೀಮ್‌ಗಳಿಗೆ 7.25, ಒಟ್ಟು 19.85. ಗುತ್ತಿಗೆದಾರರಿಗೆ ಉತ್ಸಾಹದಿಂದ ತೋರಿಸಿದಳು. ಅವರು ಮೊಬೈಲಿನಿಂದ ತಲೆ ಎತ್ತದೆ, “ಅಷ್ಟೆಲ್ಲ ಬರುವುದಿಲ್ಲಮ್ಮಾ. ಇಂಥ ಮನೆಗೆ ಮೂರು ಲಾರಿ” ಎಂದರು. ಆರು ಘನ ಮೀಟರ್ ಹಿಡಿಯುವ ಮಿಕ್ಸರ್ ಲಾರಿ ಮೂರೆಂದರೆ 18.

ಆ ರಾತ್ರಿ ಆಕೆ ನನಗೆ ಕಳಿಸಿದ ಸಂದೇಶದಲ್ಲಿ ಗುತ್ತಿಗೆದಾರರ ಅಂದಾಜಿನ ಬಗ್ಗೆ ಸ್ವಲ್ಪ ತಾತ್ಸಾರವಿತ್ತು. ಕಂಪ್ಯೂಟರ್ ದಶಮಾಂಶದ ಎರಡು ಸ್ಥಾನದವರೆಗೆ ಕೊಟ್ಟ ಅಂಕಿಯ ಮುಂದೆ ಬೆರಳೆಣಿಕೆಯ ಲೆಕ್ಕ ಹಳೆಯ ಕಾಲದ್ದಾಗಿ ಕಂಡಿತ್ತು. ಕೈಯಲ್ಲಿ ಒಮ್ಮೆ ಲೆಕ್ಕ ಹಾಕು ಎಂದೆ. ಮೆಟ್ಟಿಲಿನ ಜಾಗ ಕಳೆದು ಸ್ಲ್ಯಾಬಿನ ವಿಸ್ತೀರ್ಣ 84 ಚದರ ಮೀಟರ್, ದಪ್ಪ 150 ಮಿ.ಮೀ.; 12.60 ಸರಿಹೋಯಿತು. ಬೀಮ್‌ಗಳು ಕಂಬದ ಮುಖದಿಂದ ಮುಖಕ್ಕೆ ಅಳೆದರೆ ಒಟ್ಟು 70 ಮೀಟರ್, ಅಗಲ 230 ಮಿ.ಮೀ. ಇಲ್ಲಿ ಆಕೆ ಡಿಪ್ಲೊಮಾದಲ್ಲಿ ಕಲಿತ ಅಳತೆ ಪುಸ್ತಕದ ಪದ್ಧತಿಯನ್ನು ಯೋಚಿಸದೆಯೇ ಅನುಸರಿಸಿದಳು. ಕಟ್ಟಡ ಕಾಮಗಾರಿ ಅಳೆಯುವ ಭಾರತೀಯ ಮಾನದಂಡವಾದ ಐಎಸ್ 1200 ಮಾಲಿಕೆಯ ಪ್ರಕಾರ ಬೀಮ್‌ನ ಆಳವನ್ನು ಸ್ಲ್ಯಾಬಿನ ತಳದಿಂದ ಅಳೆಯುತ್ತಾರೆ, ಏಕೆಂದರೆ ಮೇಲಿನ ಭಾಗ ಸ್ಲ್ಯಾಬಿನ ಲೆಕ್ಕಕ್ಕೆ ಸೇರಿದೆ. ಹಾಗಾಗಿ ಆಳ 450 ಅಲ್ಲ, 300. ಬಂದದ್ದು 4.83. ಒಟ್ಟು 17.43.

ಎರಡು ಅಂಕಿಗಳ ನಡುವೆ, ದಶಮಾಂಶದ ಮೂರನೇ ಸ್ಥಾನದವರೆಗೆ ಹಿಡಿದರೆ, 2.415 ಘನ ಮೀಟರ್ ವ್ಯತ್ಯಾಸ. ಈ ಘಟ್ಟದಲ್ಲಿ ಆಕೆ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಮಾದರಿಯಲ್ಲಿ ಒಂದೊಂದೇ ಬೀಮ್ ಹಿಡಿದು ತಡಕಾಡುವ ಬದಲು, ಆ ವ್ಯತ್ಯಾಸವನ್ನು ಬೀಮ್‌ನ ಅಗಲದಿಂದಲೂ ಸ್ಲ್ಯಾಬಿನ ದಪ್ಪದಿಂದಲೂ ಭಾಗಿಸಿದಳು. 2.415 ಅನ್ನು 0.23ರಿಂದ, ಅದನ್ನು ಮತ್ತೆ 0.15ರಿಂದ ಭಾಗಿಸಿದರೆ ಸರಿಯಾಗಿ 70. ಬೀಮ್‌ಗಳ ಒಟ್ಟು ಉದ್ದವೇ ಎದುರಿಗೆ ಬಂದು ನಿಂತಿತು. ಎಲ್ಲೋ ಒಂದು ಕಡೆಯ ಸಣ್ಣ ದೋಷವಲ್ಲ. ಮನೆಯ ಉದ್ದಗಲಕ್ಕೂ ಪ್ರತಿಯೊಂದು ಬೀಮ್‌ನ ಮೇಲಿನ 150 ಮಿ.ಮೀ. ಎರಡು ಸಲ ಎಣಿಕೆಯಾಗಿದೆ, ಬೀಮ್‌ನಲ್ಲೊಮ್ಮೆ, ಸ್ಲ್ಯಾಬಿನಲ್ಲೊಮ್ಮೆ. ಬೀಮ್ ಮತ್ತು ಸ್ಲ್ಯಾಬನ್ನು ಒಂದಕ್ಕೊಂದು ಬೆಸೆಯುವ ಜಾಯಿನ್ ಆಜ್ಞೆಯನ್ನು ಆಕೆ ಕೊಟ್ಟಿರಲಿಲ್ಲ. ಕೊಟ್ಟ ಮೇಲೆ ಬೀಮ್‌ಗಳ ಪಟ್ಟಿ 4.83ಕ್ಕೆ ಇಳಿಯಿತು.

ಇನ್ನು ಪೋಲಾಗುವುದಕ್ಕೆಂದು ನೂರಕ್ಕೆ ಮೂರರಂತೆ ಸೇರಿಸಿದರೆ 17.43 ಎಂಬುದು 17.95 ಆಗುತ್ತದೆ. ಮೂರು ಲಾರಿ. ಮೊದಲಿನ ಅಂಕಿಯನ್ನು ನಂಬಿದ್ದರೆ 20.4 ಆಗಿ ನಾಲ್ಕನೇ ಲಾರಿಯನ್ನು ಕರೆಸಬೇಕಾಗುತ್ತಿತ್ತು, ಅದರ ಬಹುಪಾಲು ಖಾಲಿ ನಿವೇಶನದ ಮೂಲೆಯಲ್ಲಿ ಕಲ್ಲಾಗುತ್ತಿತ್ತು. ಮೂರು ಮಹಡಿಗೆ ಲೆಕ್ಕ ಹಿಡಿದರೆ ಏಳು ಘನ ಮೀಟರಿಗೂ ಹೆಚ್ಚು.

ಇಲ್ಲಿ ಗಮನಿಸಬೇಕಾದದ್ದು ರೆವಿಟ್‌ನ ನಡತೆ. ಒಂದೇ ಜಾಗದಲ್ಲಿ ಒಂದೇ ತರಹದ ಎರಡು ಬೀಮ್‌ಗಳನ್ನು ಇಟ್ಟರೆ ಅದು ಕೂಡಲೇ ಎಚ್ಚರಿಸುತ್ತದೆ, ಪಟ್ಟಿಯಲ್ಲಿ ಎರಡು ಸಲ ಎಣಿಕೆಯಾಗುತ್ತದೆ ಎಂದು ಬಿಡಿಸಿ ಹೇಳುತ್ತದೆ. ಬೀಮ್ ಸ್ಲ್ಯಾಬಿನೊಳಗೆ ತಲೆ ತೂರಿಸಿ ಕುಳಿತರೆ ಚಕಾರ ಎತ್ತುವುದಿಲ್ಲ. ಹಾಗೆ ಕೂರುವುದು ತಪ್ಪೋ ಸರಿಯೋ ಎಂದು ತೀರ್ಮಾನಿಸಲು ಅದಕ್ಕೆ ಆಧಾರವಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದು ತಂದ ಬೀಮ್‌ನ ಮೇಲೆ ಪ್ರತ್ಯೇಕವಾಗಿ ಕೂರುವ ಹಲಗೆಯೂ ಅದಕ್ಕೆ ಸ್ಲ್ಯಾಬೇ, ಒಟ್ಟಿಗೆ ಸುರಿಯುವ ಮೋಲ್ಡೂ ಸ್ಲ್ಯಾಬೇ. ಯಾವುದು ಒಂದೇ ದಿನ ಒಟ್ಟಿಗೆ ಸುರಿಯುವ ಕಾಂಕ್ರೀಟು ಎಂಬುದು ಕಟ್ಟುವವರಿಗೆ ಗೊತ್ತು. ಗುತ್ತಿಗೆದಾರರ “ಮೂರು ಲಾರಿ” ಬಂದದ್ದೂ ಆ ತಿಳಿವಳಿಕೆಯಿಂದಲೇ. ಅವರ ಲೆಕ್ಕವನ್ನು ಕಣ್ಣಳತೆ ಎಂದು ತಳ್ಳಿಹಾಕುವವರು ಒಮ್ಮೆ ಅವರ ಜೊತೆ ಮೋಲ್ಡಿನ ದಿನ ಬೆಳಗ್ಗೆಯಿಂದ ನಿಂತು ನೋಡಬೇಕು.

ಬಾಗಿಲಿನ ಖಾಲಿ ಚೌಕ

ಇಷ್ಟೆಲ್ಲ ಕಲಿತ ಮೇಲೆ ಆಕೆಗೆ ಕೆಲಸ ಸಿಗಬೇಕಾದದ್ದು ತುಮಕೂರಿನ ಮನೆಗಳಲ್ಲಲ್ಲ. ಬೆಂಗಳೂರಿನ ಬಿಐಎಂ ಕಚೇರಿಗಳಲ್ಲಿ ಬಹಳಷ್ಟು ಕೆಲಸ ಬರುವುದು ಬ್ರಿಟನ್, ಕೊಲ್ಲಿ ರಾಷ್ಟ್ರಗಳು, ಅಮೆರಿಕ, ಆಸ್ಟ್ರೇಲಿಯಾಗಳಿಂದ. ಬ್ರಿಟನ್ ಸರ್ಕಾರ 2011ರಲ್ಲೇ ನೀತಿ ಪ್ರಕಟಿಸಿ, 2016ರ ಏಪ್ರಿಲ್‌ನಿಂದ ಕೇಂದ್ರ ಇಲಾಖೆಗಳ ನಿರ್ಮಾಣಗಳಿಗೆ ಬಿಐಎಂ ಕಡ್ಡಾಯ ಮಾಡಿತು. ಆ ಅಭ್ಯಾಸವೇ ಮುಂದೆ 2018ರಲ್ಲಿ ಐಎಸ್ಒ 19650 ಎಂಬ ಅಂತರರಾಷ್ಟ್ರೀಯ ಮಾನದಂಡಕ್ಕೆ ತಳಹದಿಯಾಯಿತು. ಹೀಗಾಗಿ ತುಮಕೂರಿನ ಸಂಕನ್ ಸ್ಲ್ಯಾಬ್ ಬಿಡಿಸಿದ ಹುಡುಗಿ, ತಾನು ಎಂದೂ ನೋಡದ ಊರಿನ ಆಸ್ಪತ್ರೆಯ ಮಾದರಿಯನ್ನು ಸಂದರ್ಶನದಲ್ಲಿ ಎದುರಿಸಬೇಕಾಯಿತು.

ತಯಾರಿಗೆಂದು ಮೊದಲು ಕಡತಗಳಿಗೆ ಹೆಸರಿಡುವುದನ್ನು ಕಲಿಸಿದೆ. ಆಕೆಯ ಲ್ಯಾಪ್‌ಟಾಪಿನಲ್ಲಿ ‘ಮನೆ ಫೈನಲ್’, ‘ಮನೆ ಫೈನಲ್ ಹೊಸದು’, ‘ಮನೆ ಫೈನಲ್ ಹೊಸದು 2’ ಸಾಲಾಗಿ ನಿಂತಿದ್ದವು. ಬ್ರಿಟನ್ನಿನ ಪದ್ಧತಿಯಲ್ಲಿ ಯೋಜನೆ, ತಯಾರಿಸಿದ ಸಂಸ್ಥೆ, ಕಟ್ಟಡದ ಭಾಗ, ಮಹಡಿ, ಕಡತದ ಬಗೆ, ವಿಭಾಗ, ಕ್ರಮಸಂಖ್ಯೆ, ಇಷ್ಟೂ ಹೆಸರಿನೊಳಗೇ ಇರುತ್ತವೆ. ಹೆಸರಲ್ಲಿ ಎಂ3 ಎಂದಿದ್ದರೆ ಮೂರು ಆಯಾಮದ ಮಾದರಿ. ಕಡತದ ಸ್ಥಿತಿ ಎಸ್1 ಎಂದಿದ್ದರೆ ಹೊಂದಾಣಿಕೆಗೆ ಮಾತ್ರ ಯೋಗ್ಯ, ಅದನ್ನು ನಂಬಿ ಕಟ್ಟುವಂತಿಲ್ಲ. ಇದು ಬೇಸರದ ಪಾಠ, ಆದರೆ ಎರಡು ದಿನದ್ದು.

ಸಂದರ್ಶನದಲ್ಲಿ ಯಾವ ಗುಂಡಿ ಎಲ್ಲಿದೆ ಎಂದು ಕೇಳಲಿಲ್ಲ. ಮಾದರಿಯೊಂದರ ಬಾಗಿಲುಗಳ ಪಟ್ಟಿ ತೆರೆದಿಟ್ಟು, ಇದನ್ನು ಗ್ರಾಹಕರಿಗೆ ಕಳಿಸಬಹುದೇ ಎಂದು ಕೇಳಿದರು. ಅಗಲ, ಎತ್ತರ, ಸಂಖ್ಯೆ ಎಲ್ಲ ತುಂಬಿತ್ತು, ಎಚ್ಚರಿಕೆಯ ಒಂದು ಗುರುತೂ ಇರಲಿಲ್ಲ. ಆಕೆ ಪಟ್ಟಿಯನ್ನು ಕೋಣೆವಾರು ಜೋಡಿಸಿ, ಮೆಟ್ಟಿಲಿನ ಅಂಕಣಕ್ಕೆ ತೆರೆಯುವ ಬಾಗಿಲುಗಳನ್ನು ಬೇರೆ ಮಾಡಿದಳು. ಅವುಗಳ ಮುಂದೆ ಬೆಂಕಿ ತಡೆಯುವ ಅವಧಿಯ ಚೌಕ ಖಾಲಿ. ತುರ್ತಿನಲ್ಲಿ ಜನ ಇಳಿಯುವ ಮೆಟ್ಟಿಲಿಗೆ ಎಂಥ ಬಾಗಿಲು ಎಂದು ಹೇಳದ ಪಟ್ಟಿಯನ್ನು ಕಳಿಸಲಾಗದು ಎಂದಳು.

ಬ್ರಿಟನ್ನಿನವರಿಗೆ ಈ ಚೌಕ ಏಕೆ ಮುಖ್ಯ ಎಂಬುದಕ್ಕೆ ಹಿನ್ನೆಲೆ ಇದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಮಹಡಿಗಳ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಹೊರಗೋಡೆಯ ಹೊದಿಕೆ ಉರಿದದ್ದು ಮುಖ್ಯ ಕಾರಣ. ಬಾಗಿಲುಗಳ ಗುಣಮಟ್ಟವೂ ವಿಚಾರಣೆಯಲ್ಲಿ ಪ್ರಶ್ನೆಗೆ ಬಂತು. 2022ರ ಕಟ್ಟಡ ಸುರಕ್ಷತಾ ಕಾಯ್ದೆಯ ನಂತರ ಎತ್ತರದ ವಸತಿ ಕಟ್ಟಡಗಳ ಸುರಕ್ಷತೆಯ ಮಾಹಿತಿಯನ್ನು ಡಿಜಿಟಲ್ ರೂಪದಲ್ಲಿ, ಕಟ್ಟಡ ಇರುವಷ್ಟು ಕಾಲವೂ ಕಾಪಾಡಬೇಕಾಗಿದೆ. ಖಾಲಿ ಚೌಕಕ್ಕೆ ಈಗ ಯಾರಾದರೂ ಒಬ್ಬರು ಉತ್ತರ ಹೇಳಬೇಕು. ಈ ಇತಿಹಾಸ ಆಕೆಗೆ ಗೊತ್ತಿರಲಿಲ್ಲ, ಸಂದರ್ಶನ ಮುಗಿದ ಮೇಲೆ ನಾನು ಹೇಳಿದೆ. 19.85ರ ಪಟ್ಟಿಯೂ ಹೀಗೆಯೇ ತುಂಬಿ, ತಕರಾರಿಲ್ಲದೆ ಕಂಡಿತ್ತು ಎಂದಳು. ಕೆಲಸ ಸಿಕ್ಕಿತು.

ಇತ್ಯರ್ಥವಾಗದ್ದು

ಆಕೆಗೂ ನನಗೂ ಒಂದು ವಿಷಯದಲ್ಲಿ ಇನ್ನೂ ಒಮ್ಮತವಿಲ್ಲ. ಸೇರುವ ಮೊದಲು ಕನಿಷ್ಠ ಆರು ತಿಂಗಳು ನಿವೇಶನದಲ್ಲಿ ಕೆಲಸ ಮಾಡು ಎಂದು ಒತ್ತಾಯಿಸಿದ್ದೆ. ಬಿಐಎಂ ಮಾಡೆಲರ್ ಎಂದು ಸೇರಿದ ಸಿವಿಲ್ ಪದವೀಧರರು ಬೇರೆಯವರು ವಿನ್ಯಾಸ ಮಾಡಿದ್ದನ್ನು ವರ್ಷಗಟ್ಟಲೆ ಮಾದರಿಗೆ ಇಳಿಸುತ್ತಾ, ಒಂದು ಬೀಮ್‌ಗೆ ಎಷ್ಟು ಕಂಬಿ ಬೇಕೆಂದು ಲೆಕ್ಕ ಹಾಕುವುದನ್ನೇ ಮರೆಯುವುದನ್ನು ನೋಡಿದ್ದೇನೆ. ಸಂಬಳ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ವಿನ್ಯಾಸದ ಕಡೆ ಹೊರಳಲು ಧೈರ್ಯ ಬರುವುದಿಲ್ಲ.

ಆಕೆಯ ಉತ್ತರ ನೇರವಾಗಿತ್ತು. “ಸರ್, ಆ ನಿವೇಶನದಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ. ಮಧ್ಯಾಹ್ನದವರೆಗೆ ನೀರು ಕುಡಿಯದೆ ಇರುತ್ತಿದ್ದೆ. ಆರು ತಿಂಗಳು ಹಾಗೆ ಇರಲು ಹೇಳುತ್ತೀರಾ?” ಶೌಚಾಲಯದ ಪೈಪಿಗೆ ದಾರಿ ಹುಡುಕಿಕೊಟ್ಟವಳ ಬಾಯಿಂದ ಈ ಮಾತು ಕೇಳಿ ನನ್ನಲ್ಲಿ ಪ್ರತಿವಾದ ಉಳಿಯಲಿಲ್ಲ. ಸಿವಿಲ್ ಓದಿದ ಹೆಣ್ಣುಮಕ್ಕಳು ಬಿಐಎಂ ಕಡೆ ಬರುವುದಕ್ಕೆ ತಂತ್ರಜ್ಞಾನದ ಆಕರ್ಷಣೆ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣವಿರಬಹುದು. ಕಾಲೇಜುಗಳು ಇದನ್ನು ವರದಿಯಲ್ಲಿ ಬರೆಯುವುದಿಲ್ಲ.

ಕಚೇರಿಗೆ ಸೇರುವಾಗ ಆಕೆ ಒಂದು ಷರತ್ತು ಕೇಳಿಕೊಂಡಿದ್ದಾಳೆ: ವಿನ್ಯಾಸಕಾರರು ಸೇರುವ ವಾರದ ಸಭೆಯಲ್ಲಿ ಕುಳಿತು ಕೇಳಲು ಬಿಡಬೇಕು. ತರಬೇತಿ ಅವಧಿ ಮುಗಿದ ಮೇಲೆ ನೋಡೋಣ ಎಂದಿದ್ದಾರಂತೆ. ಭಾನುವಾರಗಳಲ್ಲಿ ತುಮಕೂರಿನ ಅದೇ ಗುತ್ತಿಗೆದಾರರಿಗೆ ಮೋಲ್ಡಿನ ಕಾಂಕ್ರೀಟು, ಕಂಬಿಗಳ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಕೈಯಾರೆ ಮಾಡಿಕೊಡುತ್ತಾಳೆ. ವಿದ್ಯಾರ್ಥಿ ಪರವಾನಗಿಯ ರೆವಿಟ್ ಅನ್ನು ಅದಕ್ಕೆ ಮುಟ್ಟುವುದಿಲ್ಲ. ನಕ್ಷೆಯ ಹಣದಲ್ಲೇ ಲೆಕ್ಕವೂ ಸೇರಿದೆ ಎಂದು ಅವರು ವಾದಿಸಿದರು, ಎರಡೂ ಬೇರೆ ಬೇರೆ ಕೆಲಸ ಎಂದು ಈಕೆ ಪಟ್ಟು ಹಿಡಿದಳು. ಒಂದು ಮೋಲ್ಡಿಗೆ ಇಷ್ಟೆಂದು ಕೊನೆಗೆ ಮಾತಾಗಿದೆ. ಎರಡನೇ ಮಹಡಿಯ ಹಣ ಇನ್ನೂ ಬಂದಿಲ್ಲ.